ಕರುಳಿನ ಉರಿಯೂತ: ಏನು ಬಿಡಬೇಕು ಅನ್ನುವ ಮೊದಲು ಏನು ತಿನ್ನಬೇಕು

ಓದುಗರ ಪ್ರಶ್ನೋತ್ತರ
ಉತ್ತರ: ಕರುಳು ರೋಗ ವೈದ್ಯರು ಮತ್ತು ಪಥ್ಯಾಹಾರ ತಜ್ಞರು

ಕ್ರೋನ್ಸ್ ಮತ್ತು ಅಲ್ಸರೇಟಿವ್ ಕೊಲೈಟಿಸ್, ಈ ಎರಡು ಕಾಯಿಲೆಗಳನ್ನು ಸೇರಿಸಿ ಐಬಿಡಿ ಎನ್ನುತ್ತಾರೆ. ಕೊಲೈಟಿಸ್ ಗುದನಾಳದಲ್ಲಿ ಶುರುವಾಗಿ ಮೇಲಕ್ಕೆ ಹಬ್ಬುತ್ತದೆ, ದೊಡ್ಡ ಕರುಳಿನ ಒಳಪದರವನ್ನು ಹುಣ್ಣಾಗಿಸುತ್ತದೆ. ಕ್ರೋನ್ಸ್ ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು, ಕರುಳಗೋಡೆಯ ಪೂರ್ತಿ ದಪ್ಪಕ್ಕೂ ಇಳಿಯಬಹುದು. ಸಣ್ಣ ಕರುಳಿನ ಕೊನೆಯ ಭಾಗವಾದ ಇಲಿಯಂನಲ್ಲಿ ಅದರ ಕಾಟ ಹೆಚ್ಚು. ಇವೆರಡಕ್ಕೂ ಗ್ಯಾಸು, ಮಲಬದ್ಧತೆಯ ಐಬಿಎಸ್‌ಗೂ ಸಂಬಂಧವಿಲ್ಲ, ಹೆಸರಿನ ಒಂದಕ್ಷರದಿಂದ ಗೊಂದಲವಾಗುತ್ತದೆ ಅಷ್ಟೆ.

ಈ ಬಾರಿ ಬಂದ ಪತ್ರಗಳಲ್ಲಿ ಮುಕ್ಕಾಲುಪಾಲು ‘ಏನೇನು ಬಿಡಬೇಕು?’ ಎಂದೇ ಕೇಳಿವೆ. ನಮ್ಮಲ್ಲಿ ಪಥ್ಯ ಎಂದರೆ ಬಿಡುವುದು. ಈ ಕಾಯಿಲೆಯಲ್ಲಿ ಆ ಲೆಕ್ಕ ಉಲ್ಟಾ ಹೊಡೆಯುತ್ತದೆ. ಬಿಟ್ಟು ಬಿಟ್ಟು ಸೊರಗಿ ಬರುವವರನ್ನೇ ನಾವು ಹೆಚ್ಚು ನೋಡುವುದು.

ಮಗನಿಗೆ 14 ವರ್ಷ, 36 ಕೆ.ಜಿ. ತೂಕ. ಕ್ರೋನ್ಸ್ ಎಂದು ಗೊತ್ತಾಗಿದೆ. ಎಂಟು ವಾರ ಅನ್ನ, ಮುದ್ದೆ ಏನೂ ಕೊಡದೆ ಬರೀ ಡಬ್ಬದ ಪುಡಿ ಕಲಸಿ ಕುಡಿಸಿ ಅಂತಾರೆ ಡಾಕ್ಟರು. ಬೆಳೆಯೋ ಹುಡುಗನನ್ನ ಉಪವಾಸ ಕೆಡವಿದ ಹಾಗಾಗಲ್ವಾ? ರಾಗಿ ಮಾಲ್ಟ್, ಹಾಲು, ಪ್ರೋಟೀನ್ ಪುಡಿ ಕೊಟ್ಟರೆ ಸಾಲದಾ?
— ಒಬ್ಬ ತಾಯಿ, ಹಾಸನ

ಇದು ಉಪವಾಸವಲ್ಲ ತಾಯಿ, ಔಷಧ. ಬೆಳೆಯುವ ಹುಡುಗ ಎಂಬ ಕಾರಣಕ್ಕೇ ನಿಮ್ಮ ಡಾಕ್ಟರು ಇದನ್ನು ಆರಿಸಿಕೊಂಡಿದ್ದಾರೆ. ಮಕ್ಕಳ ಕ್ರೋನ್ಸ್ ಕಾಯಿಲೆ ಜೋರಾಗಿರುವಾಗ ಅದನ್ನು ತಗ್ಗಿಸಲು ಸಾಮಾನ್ಯವಾಗಿ ಎರಡು ದಾರಿಗಳಿವೆ, ಸ್ಟಿರಾಯ್ಡ್ ಅಥವಾ ಆರರಿಂದ ಎಂಟು ವಾರ ಪೂರ್ಣ ದ್ರವಾಹಾರ. ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕೆಲಸ ಮಾಡುತ್ತವೆ, ದ್ರವಾಹಾರದಲ್ಲಿ ಹತ್ತು ಮಕ್ಕಳಲ್ಲಿ ಏಳೆಂಟು ಮಕ್ಕಳು ಹತೋಟಿಗೆ ಬರುತ್ತಾರೆ. ಸ್ಟಿರಾಯ್ಡ್ ಎತ್ತರ ಬೆಳೆಯುವುದನ್ನು ತಡೆಯುತ್ತದೆ, ಮೂಳೆ ಸವೆಸುತ್ತದೆ. ದ್ರವಾಹಾರ ತೂಕವನ್ನೂ ಕೊಟ್ಟು ಕರುಳಿನ ಹುಣ್ಣನ್ನೂ ಮಾಯಿಸುತ್ತದೆ. (ಕೊಲೈಟಿಸ್‌ಗೆ ಈ ಚಿಕಿತ್ಸೆ ಹೀಗೆ ಕೆಲಸ ಮಾಡುವುದಿಲ್ಲ, ಆ ಮಕ್ಕಳ ತಂದೆತಾಯಿ ಇದನ್ನು ಓದಿ ತಾವೇ ಶುರು ಮಾಡಬಾರದು.)

ಲೆಕ್ಕ ಹೀಗಿದೆ. ನಿಮ್ಮ ಹುಡುಗನಿಗೆ ದಿನಕ್ಕೆ ಸುಮಾರು 2000 ಕ್ಯಾಲೊರಿ ಬೇಕು. ಸಾಮಾನ್ಯ ಸಂಪೂರ್ಣ ಪೋಷಣೆಯ ಪುಡಿಯನ್ನು ಡಬ್ಬದ ಮೇಲೆ ಹೇಳಿದಂತೆ ಕಲಸಿದರೆ 1 ಮಿ.ಲೀ.ಗೆ 1 ಕ್ಯಾಲೊರಿ. ಅಂದರೆ ದಿನಕ್ಕೆ 2 ಲೀಟರು, 250 ಮಿ.ಲೀ.ನ ಎಂಟು ಲೋಟ. ಮೊದಲ ದಿನ ಅರ್ಧ, ಎರಡನೇ ದಿನ ಮುಕ್ಕಾಲು, ಮೂರನೇ ದಿನಕ್ಕೆ ಪೂರ್ತಿ. ಬೆಳಿಗ್ಗೆ ಏಳಕ್ಕೆ ಶುರು ಮಾಡಿ ಎರಡೆರಡು ಗಂಟೆಗೊಂದು ಲೋಟವೆಂದರೆ ರಾತ್ರಿ ಒಂಬತ್ತಕ್ಕೆ ಮುಗಿಯುತ್ತದೆ. ಒಂದು ಲೋಟವನ್ನು ಐದು ನಿಮಿಷದಲ್ಲಿ ಗಟಗಟ ಕುಡಿದರೆ ಹೊಟ್ಟೆ ಉಬ್ಬಿ ಭೇದಿಯಾಗುತ್ತದೆ, ಇಪ್ಪತ್ತು ನಿಮಿಷ ತೆಗೆದುಕೊಳ್ಳಲಿ. ಫ್ರಿಜ್ಜಿನಲ್ಲಿಟ್ಟು ತಣ್ಣಗೆ, ಮುಚ್ಚಳವಿರುವ ಬಾಟಲಿಯಲ್ಲಿ ಸ್ಟ್ರಾ ಹಾಕಿ ಕೊಟ್ಟರೆ ವಾಸನೆ ಅಷ್ಟಾಗಿ ತಿಳಿಯದು. ಕಲಸಿದ್ದು ಹೊರಗೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ಒಂದು ದಿನ ಇರಬಲ್ಲದು. ನೀರು ಎಷ್ಟು ಬೇಕಾದರೂ ಕುಡಿಯಬಹುದು.

ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ‘ಇನ್ನಷ್ಟು ಶಕ್ತಿ ಬರಲಿ’ ಎಂದು ಒಂದು ಚಮಚ ಪುಡಿ ಹೆಚ್ಚು ಹಾಕುತ್ತಾರೆ, ದ್ರಾವಣ ಗಟ್ಟಿಯಾಗಿ ಕರುಳಿಗೆ ನೀರನ್ನೆಳೆದು ಭೇದಿಯಾಗುತ್ತದೆ, ಕೊನೆಗೆ ಪುಡಿ ಒಗ್ಗಲಿಲ್ಲ ಎಂಬ ಹೆಸರು. ಎರಡನೆಯದು, ಪುಡಿಯ ಬದಲಾವಣೆ. ಪ್ರೋಟೀನ್ ಪುಡಿ, ರಾಗಿ ಮಾಲ್ಟ್, ಚಾಕೊಲೇಟ್ ರುಚಿಯ ಹಾಲಿನ ಪುಡಿಗಳು ಯಾವುವೂ ಸಂಪೂರ್ಣ ಆಹಾರವಲ್ಲ. ಎಂಟು ವಾರ ಅದರ ಮೇಲೇ ಬದುಕಲಾಗದು. ಸಕ್ಕರೆ ಕಾಯಿಲೆಯವರ ಡಬ್ಬವೂ ಬೇಡ. ದುಬಾರಿಯಾದ, ಒಡೆದ ಪ್ರೋಟೀನಿನ ಪುಡಿಯೇ ಬೇಕೆಂದಿಲ್ಲ. ಇಡೀ ಪ್ರೋಟೀನಿನ ಸಾಮಾನ್ಯ ಪುಡಿ ಅಷ್ಟೇ ಕೆಲಸ ಮಾಡುತ್ತದೆ, ರುಚಿಯೂ ಮೇಲು. ಮೂರನೆಯದು, ನಮ್ಮ ಕರುಳಿನ ಸಂಕಟ: ‘ಪಾಪ, ರಾತ್ರಿ ಒಂದು ತುತ್ತು ಮೊಸರನ್ನ.’ ಬ್ರಿಟನ್ನಿನಲ್ಲಿ 50 ಮಕ್ಕಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪೂರ್ಣ ದ್ರವಾಹಾರದವರಲ್ಲಿ ನೂರಕ್ಕೆ 42 ಮಕ್ಕಳು ಹತೋಟಿಗೆ ಬಂದರೆ, ಅರ್ಧ ದ್ರವ ಅರ್ಧ ಊಟದವರಲ್ಲಿ 15 ಮಾತ್ರ. (ಮೇಲೆ ಹೇಳಿದ ಏಳೆಂಟಕ್ಕಿಂತ ಈ ಅಧ್ಯಯನದ ಫಲ ಕಡಿಮೆ, ಇಲ್ಲಿ ನೋಡಬೇಕಾದ್ದು ಎರಡರ ಅಂತರ.) ಮನೆಯವರೆಲ್ಲ ಅವನೆದುರು ಒಗ್ಗರಣೆ ಹಾಕಿಕೊಂಡು ಉಣ್ಣುವುದನ್ನು ಮೊದಲ ಎರಡು ವಾರವಾದರೂ ಬೇರೆ ಹೊತ್ತಿಗಿಟ್ಟುಕೊಳ್ಳಿ. ಕುಡಿಯಲು ಆಗುವುದೇ ಇಲ್ಲವೆಂದರೆ ರಾತ್ರಿ ಹೊತ್ತು ಮೂಗಿನ ನಳಿಕೆಯಲ್ಲಿ ಕೊಡಬಹುದು, ಅದಕ್ಕೆ ಹೆದರಬೇಕಿಲ್ಲ.

ಎರಡು ವಾರದೊಳಗೆ ಹೊಟ್ಟೆನೋವು, ಭೇದಿ ತಗ್ಗಿ ತೂಕ ಏರತೊಡಗಬೇಕು. ಇಲ್ಲದಿದ್ದರೆ ಮುಂದುವರಿಸದೆ ಡಾಕ್ಟರನ್ನು ಕಾಣಿ. ಹುಡುಗ ಈಗಾಗಲೇ ತೀರಾ ಸೊರಗಿ, ವಾರದಿಂದ ಸರಿಯಾಗಿ ತಿಂದೇ ಇಲ್ಲವೆಂದರೆ ಮನೆಯಲ್ಲಿ ಶುರು ಮಾಡುವುದೇ ಬೇಡ. ಹಸಿದ ದೇಹಕ್ಕೆ ಒಮ್ಮೆಲೇ ಆಹಾರ ಬಿದ್ದಾಗ ರಕ್ತದ ರಂಜಕ, ಪೊಟ್ಯಾಶಿಯಂ ಕುಸಿದು ಹೃದಯಕ್ಕೇ ಅಪಾಯ. ಆಸ್ಪತ್ರೆಯಲ್ಲಿ ಥಯಾಮಿನ್ ಕೊಟ್ಟು, ರಕ್ತ ನೋಡುತ್ತ ನಿಧಾನವಾಗಿ ಏರಿಸುತ್ತಾರೆ. ಇನ್ನೊಂದು ಮಾತು: ನಮ್ಮ ದೇಶದಲ್ಲಿ ಕರುಳಿನ ಟಿಬಿ ಇದೇ ಇಲಿಯಂನಲ್ಲಿ ಇದೇ ವೇಷದಲ್ಲಿ ಬರುತ್ತದೆ. ಬಯಾಪ್ಸಿಯಲ್ಲಿ ಅದನ್ನು ನೋಡಿದ್ದಾರೆಯೇ ಎಂದು ಕೇಳಿ ತಿಳಿಯಿರಿ.

ಎಂಟು ವಾರದ ನಂತರ ಎರಡು ಮೂರು ವಾರ ತೆಗೆದುಕೊಂಡು ಊಟಕ್ಕೆ ಮರಳಬೇಕು: ಎರಡು ಮೂರು ದಿನಕ್ಕೊಮ್ಮೆ ಒಂದು ಹೊತ್ತಿನ ಊಟ ಸೇರಿಸಿ, ಅಷ್ಟು ದ್ರವ ಇಳಿಸಿ. ಕಾಯಿಲೆ ಮರಳದಂತೆ ತಡೆಯುವ ಮಾತ್ರೆ ಬೇರೆಯೇ ಇರುತ್ತದೆ, ಅದನ್ನು ಬಿಡುವಂತಿಲ್ಲ.

ನನ್ನ ಹೆಂಡತಿಗೆ ಕೊಲೈಟಿಸ್ ಮತ್ತೆ ಜೋರಾಗಿದೆ, ದಿನಕ್ಕೆ ನಾಲ್ಕೈದು ಸಲ ರಕ್ತ ಬೆರೆತ ಭೇದಿ. 20 ದಿನದಿಂದ ಗಂಜಿ, ಮಜ್ಜಿಗೆ ಬಿಟ್ಟು ಬೇರೇನೂ ಮುಟ್ಟುತ್ತಿಲ್ಲ. ತೂಕ 56ರಿಂದ 50ಕ್ಕೆ ಇಳಿದಿದೆ. ತಿಂದರೆ ಹೆಚ್ಚಾಗುತ್ತದೆಂಬ ಭಯ.
— ಓದುಗರು, ದಾವಣಗೆರೆ

ಭಯ ಸಹಜ. ಆದರೆ ಗಂಜಿಯ ಲೆಕ್ಕ ನೋಡಿ. 30 ಗ್ರಾಂ ಅಕ್ಕಿಯ ಒಂದು ಬಟ್ಟಲು ಗಂಜಿಯಲ್ಲಿ ಸುಮಾರು 100 ಕ್ಯಾಲೊರಿ, ಎರಡೂವರೆ ಗ್ರಾಂ ಪ್ರೋಟೀನು. ಐದು ಬಟ್ಟಲು ಕುಡಿದರೂ 500 ಕ್ಯಾಲೊರಿ, 12 ಗ್ರಾಂ ಪ್ರೋಟೀನು. ಅವರಿಗೆ ಬೇಕಿರುವುದು 1500ರಿಂದ 1750 ಕ್ಯಾಲೊರಿ. ಪ್ರೋಟೀನು, ಕಾಯಿಲೆ ಜೋರಾಗಿರುವಾಗ ತೂಕದ ಕೆ.ಜಿ.ಗೆ 1.2ರಿಂದ 1.5 ಗ್ರಾಂ, ಅಂದರೆ 60–75 ಗ್ರಾಂ. ಹುಣ್ಣಾದ ಕರುಳಿನಿಂದ ಪ್ರೋಟೀನು ಸೋರುತ್ತಲೇ ಇರುತ್ತದೆ, ಒಳಗೆ ಬಾರದಿದ್ದರೆ ದೇಹ ತನ್ನ ಸ್ನಾಯುವನ್ನೇ ಕರಗಿಸುತ್ತದೆ. ತೊಡೆ, ತೋಳು ಸೊರಗುವುದು ಹೀಗೆ.

ಗಂಜಿ ಬಿಡಬೇಕಿಲ್ಲ, ಅದನ್ನು ಗಟ್ಟಿ ಮಾಡಿ. ದಿನಕ್ಕೆ 150 ಗ್ರಾಂ ಅಕ್ಕಿ (ಪ್ರೋಟೀನು 12 ಗ್ರಾಂ), 40 ಗ್ರಾಂ ಹೆಸರುಬೇಳೆಯನ್ನು ಅದರೊಂದಿಗೆ ಮೆತ್ತಗೆ ಬೇಯಿಸಿ (9), ಮೂರು ಇಡ್ಲಿ (6), ಎರಡು ಬೇಯಿಸಿದ ಮೊಟ್ಟೆ (13), 300 ಗ್ರಾಂ ಮೊಸರು (9), 100 ಗ್ರಾಂ ಕೋಳಿ ಅಥವಾ ಮೀನಿನ ಖಾರವಿಲ್ಲದ ಸಾರು (20). ಒಟ್ಟು 69 ಗ್ರಾಂ ಆಯಿತು. ಮಾಂಸ, ಮೊಟ್ಟೆ ಇಲ್ಲದ ಮನೆಯಾದರೆ 75 ಗ್ರಾಂ ಪನೀರು, ಮೊಸರು ಇನ್ನೊಂದು ಬಟ್ಟಲು, ಬೇಳೆ 60 ಗ್ರಾಂ. ಆದರೂ ಕಡಿಮೆ ಬಿದ್ದರೆ ಡಬ್ಬದ ಸಂಪೂರ್ಣ ಪೋಷಣೆಯ ಪುಡಿ ಎರಡು ಲೋಟ. ಆರು ಸಲ ಸ್ವಲ್ಪಸ್ವಲ್ಪ ತಿನ್ನಲಿ. ತಿಂದೊಡನೆ ಹೊರಗೆ ಹೋಗುವುದು ತಿಂದದ್ದು ಜೀರ್ಣವಾಗದೆ ಅಲ್ಲ. ಹೊಟ್ಟೆ ತುಂಬಿದಾಗ ದೊಡ್ಡ ಕರುಳು ಕದಲುವುದು ಎಲ್ಲರಲ್ಲೂ ಇರುವ ಸ್ವಭಾವ, ಹುಣ್ಣಿರುವಾಗ ಅದು ಜೋರು. ಉಪವಾಸ ಮಾಡಿದರೆ ಭೇದಿಯ ಸಂಖ್ಯೆ ಇಳಿಯಬಹುದು, ಹುಣ್ಣು ಮಾತ್ರ ಅಲ್ಲೇ ಇರುತ್ತದೆ.

ಕಾಯಿಲೆ ಜೋರಿರುವಷ್ಟು ದಿನ ಹಸಿ ತರಕಾರಿ, ಸೊಪ್ಪಿನ ಪಲ್ಯ, ಇಡೀ ಕಾಳು, ಕರಿದದ್ದು ಬೇಡ. ಸೋರೆ, ಪಡವಲ, ಕ್ಯಾರೆಟ್, ಆಲೂಗಡ್ಡೆಗಳನ್ನು ಸಿಪ್ಪೆ ತೆಗೆದು ಬೇಯಿಸಿ. ಹತೋಟಿಗೆ ಬಂದ ಮೇಲೆ ಇವೆಲ್ಲ ಒಂದೊಂದಾಗಿ ಮರಳಬೇಕು; ಎಷ್ಟೋ ಜನ ಮರಳಿಸುವುದನ್ನೇ ಮರೆಯುತ್ತಾರೆ. ಸೊಪ್ಪು, ಮುದ್ದೆಯನ್ನು ಜೀವಮಾನಪೂರ್ತಿ ಬಿಟ್ಟವರಿದ್ದಾರೆ, ಕಾರಣವಿಲ್ಲದೆ. ಕರುಳು ಕಿರಿದಾಗಿಲ್ಲದ, ಹತೋಟಿಯಲ್ಲಿರುವ ಕಾಯಿಲೆಗೆ ನಾರಿನಿಂದ ಕೇಡಿಲ್ಲ, ದೊಡ್ಡ ಕರುಳಿನ ಒಳಪದರ ತನ್ನ ಶಕ್ತಿಯ ಬಹುಪಾಲನ್ನು ಪಡೆಯುವುದೇ ಸೂಕ್ಷ್ಮಜೀವಿಗಳು ನಾರನ್ನು ಹುಳಿಸಿ ಕೊಡುವ ಬ್ಯುಟಿರೇಟ್‌ನಿಂದ.

ಈಗ ಮುಖ್ಯ ಮಾತು. ದಿನಕ್ಕೆ ಆರು ಅಥವಾ ಅದಕ್ಕಿಂತ ಹೆಚ್ಚು ರಕ್ತಭೇದಿ, ಜೊತೆಗೆ ನಾಡಿ 90 ದಾಟುವುದು, 100 ಡಿಗ್ರಿ ಜ್ವರ ಅಥವಾ ಹಿಮೋಗ್ಲೋಬಿನ್ 10.5ಕ್ಕಿಂತ ಕಡಿಮೆ ಇದ್ದರೆ ಅಂದೇ ದಾಖಲಾಗಬೇಕು. 1955ರಲ್ಲಿ ಆಕ್ಸ್‌ಫರ್ಡಿನ ಟ್ರೂಲವ್ ಮತ್ತು ವಿಟ್ಸ್ ಹೇಳಿದ ಅಳತೆ ಇದು, ಇಂದಿಗೂ ಇದನ್ನೇ ಹಿಡಿಯುತ್ತೇವೆ. ಅಂಥ ತೀವ್ರ ಸ್ಥಿತಿಯಲ್ಲೂ ಬಾಯಿ ಕಟ್ಟಿ ಗ್ಲೂಕೋಸ್ ಬಾಟಲಿ ಹಾಕುವ ಹಳೆಯ ಕ್ರಮ ಹೋಗಿದೆ. ದೆಹಲಿಯ ಏಮ್ಸ್‌ನಲ್ಲಿ ಇಂಥವರಿಗೆ ಸ್ಟಿರಾಯ್ಡ್ ಜೊತೆಗೆ ಏಳು ದಿನ ಪೂರ್ಣ ದ್ರವಾಹಾರ ಕೊಟ್ಟಾಗ ರಕ್ತದ ಆಲ್ಬುಮಿನ್ ಎಂಬ ಪ್ರೋಟೀನು ಏರಿತು, ಆಸ್ಪತ್ರೆ ವಾಸ ತಗ್ಗಿತು. ಸ್ಟಿರಾಯ್ಡಿನ ಬದಲಿಗೆ ಅಲ್ಲ, ಜೊತೆಗೆ.

ಕ್ರೋನ್ಸ್‌ನಿಂದ ನನ್ನ ಸಣ್ಣ ಕರುಳು ಒಂದು ಕಡೆ ಕಿರಿದಾಗಿದೆಯಂತೆ. ‘ನಾರಿನ ಪದಾರ್ಥ ಕಡಿಮೆ ಮಾಡಿ’ ಎಂದಷ್ಟೇ ಹೇಳಿದ್ದಾರೆ. ನಮ್ಮದು ಕುಚ್ಚಲಕ್ಕಿ, ತೆಂಗು, ಹಲಸಿನ ಊಟ. ಏನು ಮಾಡುವುದು?
— ಓದುಗರು, ಪುತ್ತೂರು

ಇಲ್ಲಿ ಮಾತ್ರ ಬಿಡುವ ಪಥ್ಯಕ್ಕೆ ನಿಜವಾದ ಅರ್ಥವಿದೆ, ಯಾಕೆಂದರೆ ಪ್ರಶ್ನೆ ಜೀರ್ಣದ್ದಲ್ಲ, ಕೊಳವೆಯದು. ಕಿರಿದಾದ ಜಾಗದಲ್ಲಿ ಉದ್ದನೆಯ ನಾರು, ಸಿಪ್ಪೆ, ಬೀಜ, ಅಗಿಯದ ಚೂರುಗಳು ಬಿರಡೆಯಂತೆ ಸಿಕ್ಕಿಕೊಳ್ಳುತ್ತವೆ.

ಕುಚ್ಚಲು ಬದಲು ಬೆಳ್ತಿಗೆ ಅಕ್ಕಿ. ತೆಂಗಿನಕಾಯಿ ತುರಿ, ಚೂರು, ಕೊಬ್ಬರಿ ಬೇಡ. ರುಬ್ಬಿ ಹಿಂಡಿ ಸೋಸಿದ ಕಾಯಿಹಾಲು ಆದೀತು. ಹಲಸು, ಬಕ್ಕೆಯಾಗಲಿ ತುಳುವವಾಗಲಿ, ಹಣ್ಣೂ ಬೇಡ, ಗುಜ್ಜೆಯೂ ಬೇಡ. ಕಿತ್ತಳೆ, ಚಕ್ಕೋತದ ತೊಳೆಯ ಬಿಳಿ ಪೊರೆ ಕರುಳಲ್ಲಿ ಉಂಡೆಕಟ್ಟುವುದರಲ್ಲಿ ಕುಖ್ಯಾತ, ರಸ ಹಿಂಡಿ ಸೋಸಿ ಕುಡಿಯಿರಿ. ನುಗ್ಗೆಕಾಯಿಯ ತಿರುಳನ್ನು ಚಮಚದಲ್ಲಿ ಕೆರೆದು ತೆಗೆದುಕೊಂಡು ನಾರು ಬಿಸಾಡಿ. ಬಾಳೆದಿಂಡು, ಬಾಳೆಹೂವು, ಹರಿವೆ ದಂಟು, ಕಳಲೆ, ಅಣಬೆ, ಪಾಪ್‌ಕಾರ್ನ್, ಸೀಬೆಬೀಜ, ಇಡೀ ಕಡಲೆ, ಶೇಂಗಾ ಯಾವುದೂ ಬೇಡ. ಪತ್ರೊಡೆಯೂ ಸದ್ಯಕ್ಕಿಲ್ಲ. ಟೊಮ್ಯಾಟೊ ಬಿಸಿನೀರಲ್ಲಿ ಅದ್ದಿ ಸಿಪ್ಪೆ ಸುಲಿದು, ಬೀಜ ತೆಗೆದು ಬಳಸಬಹುದು. ಸೊಪ್ಪು ಬೇಕೆನಿಸಿದರೆ ಘಟ್ಟದ ಮೇಲಿನವರ ಬಸ್ಸಾರು ಮಾಡಿ: ಸೊಪ್ಪು ಬೇಳೆ ಬೇಯಿಸಿ ಬಸಿದ ಕಟ್ಟಿನ ಸಾರು ನಿಮಗೆ, ಪಲ್ಯ ಉಳಿದವರಿಗೆ. ತಂಬುಳಿಯನ್ನು ಸೋಸಿ. ರಾಗಿಯಾದರೆ ನೆನೆಸಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ತೆಗೆದ ಹಾಲನ್ನು ಕಾಯಿಸಿ. ತೌಡೆಲ್ಲ ಬಟ್ಟೆಯಲ್ಲೇ ಉಳಿಯುತ್ತದೆ. ಮೀನು, ಮೊಟ್ಟೆ, ಮೊಸರು, ನೀರುದೋಸೆ, ಇಡ್ಲಿ ಧಾರಾಳವಾಗಿ ತಿನ್ನಿ. ಇನ್ನು ಅಗಿಯುವುದು: ಹಲ್ಲು ಕೆಟ್ಟಿದ್ದರೆ ಮೊದಲು ದಂತವೈದ್ಯರ ಹತ್ತಿರ ಹೋಗಿ. ತಮಾಷೆಗೆ ಹೇಳುತ್ತಿಲ್ಲ.

ಹೊಟ್ಟೆ ಉಬ್ಬಿ ಹಿಂಡುವ ನೋವು ಬಂದು, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಕರುಳು ಕಟ್ಟಿದೆ. ಹರಳೆಣ್ಣೆ, ಭೇದಿ ಮಾತ್ರೆ ಕೊಟ್ಟರೆ ಒಡೆದೀತು. ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಹೋಗಿ. ಊದಿಕೊಂಡು ಕಿರಿದಾದ ಕರುಳು ಔಷಧದಿಂದ ತೆರೆದುಕೊಳ್ಳುತ್ತದೆ. ಗಾಯ ಗಟ್ಟಿ ಕಟ್ಟಿ ಕಿರಿದಾದದ್ದಕ್ಕೆ ಬಲೂನು ಅಥವಾ ಶಸ್ತ್ರಚಿಕಿತ್ಸೆಯೇ ಬೇಕು. ಆರು ತಿಂಗಳ ಮೇಲೆ ಮತ್ತೆ ಸ್ಕ್ಯಾನ್ ಮಾಡಿದಾಗ ‘ಈಗ ಪಥ್ಯ ಸಡಿಲಿಸಬಹುದೇ?’ ಎಂದು ನೀವೇ ಕೇಳಿ. ಕೇಳದಿದ್ದರೆ ಯಾರೂ ಹೇಳುವುದಿಲ್ಲ.

ಎರಡು ವರ್ಷದ ಕೊಲೈಟಿಸ್. ಆರಾಮಾಗಿದ್ದೇನೆ ಅಂತ ಮೆಸಲಮಿನ್ ನಿಲ್ಲಿಸಿ ಅರಿಶಿನ-ಕಾಳುಮೆಣಸಿನ ಹಾಲು, ಬಿಲ್ವದ ಪುಡಿ, ಲೋಳೆಸರ ತೆಗೆದುಕೊಳ್ಳುತ್ತಿದ್ದೇನೆ. ಮುಂದುವರಿಸಬಹುದೇ?
— ಓದುಗರು, ಶಿವಮೊಗ್ಗ

ಹಾಲು ಮುಂದುವರಿಸಿ, ಮಾತ್ರೆ ಇವತ್ತೇ ಮತ್ತೆ ಶುರು ಮಾಡುವ ಬಗ್ಗೆ ಡಾಕ್ಟರೊಂದಿಗೆ ಮಾತಾಡಿ.

ಅರಿಶಿನವನ್ನು ನಾವು ಹಗುರಾಗಿ ತಳ್ಳುವುದಿಲ್ಲ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೆಸಲಮಿನ್ ತೆಗೆದುಕೊಳ್ಳುತ್ತಿದ್ದೂ ಪೂರ್ತಿ ಹತೋಟಿಗೆ ಬಾರದ 50 ಮಂದಿಯಲ್ಲಿ 26 ಮಂದಿಗೆ ದಿನಕ್ಕೆ 3 ಗ್ರಾಂ ಕರ್ಕ್ಯುಮಿನ್ (ಅರಿಶಿನದ ಸತ್ವ) ಕೂಡಿಸಿ ಕೊಟ್ಟರು. ನಾಲ್ಕು ವಾರದಲ್ಲಿ 14 ಮಂದಿ ಹತೋಟಿಗೆ ಬಂದರು. ಹುಸಿ ಮಾತ್ರೆ ಪಡೆದ 24 ಮಂದಿಯಲ್ಲಿ ಒಬ್ಬರೂ ಬರಲಿಲ್ಲ. ಆದರೆ ಎರಡು ವಿಷಯ ಗಮನಿಸಿ. ಯಾರೂ ಮೆಸಲಮಿನ್ ಬಿಟ್ಟಿರಲಿಲ್ಲ. ಇನ್ನೊಂದು, ಅಡುಗೆ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು 3 ಪಾಲು. ಆ 3 ಗ್ರಾಂ ಸಿಗಲು ದಿನಕ್ಕೆ 100 ಗ್ರಾಂ ಅರಿಶಿನ ತಿನ್ನಬೇಕು. ನಿಮ್ಮ ಲೋಟದ ಒಂದು ಚಮಚದಲ್ಲಿರುವುದು 0.1 ಗ್ರಾಂ. ಹಾಗಂತ ಅಂಗಡಿಯ ಕಾಳುಮೆಣಸಿನ ಸತ್ವ ಬೆರೆಸಿದ ಕ್ಯಾಪ್ಸೂಲಿಗೆ ಕೈಹಾಕಬೇಡಿ. ಮೆಣಸಿನ ಪೈಪರಿನ್ ಕರ್ಕ್ಯುಮಿನ್ ಹೀರುವುದನ್ನು ಬಹಳ ಹೆಚ್ಚಿಸುತ್ತದೆ, ಇಂಥ ಮಾತ್ರೆಗಳಿಂದ ಕೆಲವರಿಗೆ ಯಕೃತ್ತಿಗೆ ಪೆಟ್ಟಾಗಿದೆ. ತೆಗೆದುಕೊಳ್ಳುವುದೇ ಆದರೆ ಡಾಕ್ಟರಿಗೆ ತಿಳಿಸಿ, ಎಲ್‌ಎಫ್‌ಟಿ (ಯಕೃತ್ತಿನ ರಕ್ತಪರೀಕ್ಷೆ) ಮಾಡಿಸುತ್ತಿರಿ.

ಬಿಲ್ವದ ಒಗರು ಮಲವನ್ನು ಗಟ್ಟಿ ಮಾಡಬಹುದು, ಹುಣ್ಣು ಮಾಯಿಸಿದ್ದಕ್ಕೆ ಆಧಾರವಿಲ್ಲ. ಲೋಳೆಸರದ ಸಿಪ್ಪೆಯಡಿಯ ಹಳದಿ ರಸ ಪಕ್ಕಾ ಭೇದಿಕಾರಕ, ಅದನ್ನು ಬಿಡಿ. ತ್ರಿಫಲ ಚೂರ್ಣವೂ ಅಷ್ಟೆ. ಮನೆಮದ್ದುಗಳಲ್ಲಿ ಮರ್ಯಾದೆ ಗಳಿಸಿದ್ದು ಇಸಬ್‌ಗೋಲ್: 1999ರಲ್ಲಿ ಸ್ಪೇನಿನ ಅಧ್ಯಯನದಲ್ಲಿ ಹತೋಟಿಯಲ್ಲಿದ್ದ ಕೊಲೈಟಿಸ್‌ನವರಿಗೆ ಅದರ ಬೀಜ 10 ಗ್ರಾಂನಂತೆ ದಿನಕ್ಕೆರಡು ಸಲ ಕೊಟ್ಟಾಗ ಕಾಯಿಲೆ ಮರಳದಂತೆ ಹಿಡಿದದ್ದು ಮೆಸಲಮಿನ್‌ನಷ್ಟೇ ಇತ್ತು. ಅಧ್ಯಯನ ಚಿಕ್ಕದು, ಹಾಗಾಗಿ ಮಾತ್ರೆಯ ಬದಲಿಗಲ್ಲ, ಜೊತೆಗೆ ಎನ್ನುತ್ತೇವೆ. ದೊಡ್ಡ ಲೋಟ ನೀರಿನೊಂದಿಗೆ, ಕರುಳು ಕಿರಿದಾಗಿಲ್ಲದವರಿಗೆ ಮಾತ್ರ.

ಆರಾಮಾಗಿದ್ದೇನೆ ಎಂಬುದನ್ನು ಹೊಟ್ಟೆಯ ಮಾತಿನ ಮೇಲೆ ನಂಬಬೇಡಿ. ಮಲದ ಕ್ಯಾಲ್ಪ್ರೊಟೆಕ್ಟಿನ್ ಪರೀಕ್ಷೆ ಮಾಡಿಸಿ. 50ರೊಳಗಿದ್ದರೆ ನಿಜಕ್ಕೂ ಆರಾಮು, 250 ದಾಟಿದ್ದರೆ ಒಳಗೆ ಕೆಂಡ ಇದೆ. ಸದ್ದಿಲ್ಲದೆ ವರ್ಷಗಟ್ಟಲೆ ಉಳಿದ ಉರಿಯೂತವೇ ಮುಂದೆ ಕರುಳಿನ ಕ್ಯಾನ್ಸರಿಗೆ ದಾರಿ.

ಹಿಮೋಗ್ಲೋಬಿನ್ 8.9, ತೂಕ 52. ಕಬ್ಬಿಣದ ಮಾತ್ರೆ ತಿಂದರೆ ಹೊಟ್ಟೆನೋವು, ಭೇದಿ ಹೆಚ್ಚು, ಮಲ ಕಪ್ಪು. ಬೀಟ್‌ರೂಟ್ ರಸ ದಿನಾ ಕುಡಿದರೂ ಏರಿಲ್ಲ.
— ಓದುಗರು, ಮೈಸೂರು

ಬೀಟ್‌ರೂಟಿನ ಬಣ್ಣ ನೋಡಿ ಮೋಸ ಹೋಗುವವರು ಬಹಳ. 100 ಗ್ರಾಂನಲ್ಲಿ 1 ಮಿ.ಗ್ರಾಂ ಕಬ್ಬಿಣವೂ ಇಲ್ಲ.

ಉರಿಯೂತ ಇರುವಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಬಿಡುತ್ತದೆ. ಅದು ಕರುಳಿನಲ್ಲಿ ಕಬ್ಬಿಣದ ಬಾಗಿಲು ಮುಚ್ಚುತ್ತದೆ. ಹೀರದೆ ಉಳಿದ ಕಬ್ಬಿಣ ಕರುಳನ್ನೇ ಕೆರಳಿಸುತ್ತದೆ, ನಿಮ್ಮ ನೋವು ಭೇದಿಗೆ ಅದೇ ಕಾರಣವಿರಬಹುದು. ಹಿಮೋಗ್ಲೋಬಿನ್ 10ಕ್ಕಿಂತ ಕಡಿಮೆ ಇದ್ದಾಗ ಅಥವಾ ಕಾಯಿಲೆ ಜೋರಿದ್ದಾಗ ಕಬ್ಬಿಣವನ್ನು ರಕ್ತನಾಳಕ್ಕೇ ಕೊಡಬೇಕು. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಕಬ್ಬಿಣದ ಇಂಜೆಕ್ಷನ್ ಆದರೆ ನಿಮ್ಮ ತೂಕಕ್ಕೆ, ಈ ಹಿಮೋಗ್ಲೋಬಿನ್‌ಗೆ ಒಟ್ಟು 1500 ಮಿ.ಗ್ರಾಂ, ಒಂದು ಸಲಕ್ಕೆ 1000 ಮೀರದಂತೆ, ವಾರದ ಅಂತರದಲ್ಲಿ ಎರಡು ಸಲ. ಕೆಲವರಲ್ಲಿ ರಂಜಕ ಇಳಿದು ಸುಸ್ತು, ಮೂಳೆನೋವು ಬರುತ್ತದೆ, ಡಾಕ್ಟರಿಗೆ ಹೇಳಿ. ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು ತಿಳಿಸುವ ರಕ್ತಪರೀಕ್ಷೆ) ನೋಡುವಾಗಲೂ ಒಂದು ಎಚ್ಚರ: ಆರೋಗ್ಯವಂತರಿಗೆ 30ಕ್ಕಿಂತ ಕಡಿಮೆಯಾದರೆ ಕೊರತೆ, ಉರಿಯೂತ ಇರುವವರಿಗೆ 100ರೊಳಗಿದ್ದರೂ ಕೊರತೆಯೇ. ‘60 ಇದೆ, ಸರಿಯಿದೆ’ ಎಂದು ಬಿಟ್ಟ ರಿಪೋರ್ಟುಗಳು ನಮ್ಮ ಮುಂದೆ ಬರುತ್ತಲೇ ಇರುತ್ತವೆ.

ಹತೋಟಿಯಲ್ಲಿದ್ದು ಹಿಮೋಗ್ಲೋಬಿನ್ 10ರ ಮೇಲಿರುವವರು ಮಾತ್ರೆ ನುಂಗಬಹುದು, ಆದರೆ ಕಬ್ಬಿಣ ದಿನಕ್ಕೆ 100 ಮಿ.ಗ್ರಾಂ ಮೀರದಿರಲಿ. ದಿನಬಿಟ್ಟು ದಿನ ತೆಗೆದುಕೊಂಡರೆ ಹೆಚ್ಚು ಹೀರುತ್ತದೆ. ಕಾಫಿ ಚಹಾದಿಂದ ಎರಡು ಗಂಟೆ ದೂರ, ನಿಂಬೆ ಶರಬತ್ತಿನೊಂದಿಗೆ. ಮಾತ್ರೆಯ ಕಪ್ಪು ಮಲಕ್ಕೆ ಹೆದರಬೇಡಿ. ಮಾತ್ರೆ ಬಿಟ್ಟ ಮೇಲೂ ಕಪ್ಪಾಗಿ, ಟಾರಿನಂತೆ ಅಂಟಂಟಾಗಿದ್ದರೆ ಅದು ರಕ್ತ.

ಕ್ರೋನ್ಸ್‌ಗೆ ಆಪರೇಷನ್ ಆಗಿ ಇಲಿಯಂ 45 ಸೆಂ.ಮೀ. ತೆಗೆದಿದ್ದಾರೆ. ಉಂಡ ತಕ್ಷಣ ನೀರಿನಂಥ ಭೇದಿ. ಈಗ ಕಿಡ್ನಿಯಲ್ಲಿ ಕಲ್ಲು ಬೇರೆ. ಹಾಲು ಬಿಡಿ ಎಂದಿದ್ದಾರೆ ನೆಂಟರು.
— ಓದುಗರು, ಕಲಬುರಗಿ

ಭೇದಿ, ಕಲ್ಲು ಎರಡೂ ಒಂದೇ ಬೇರಿನ ಕೊಂಬೆ. ಪಿತ್ತದ ಆಮ್ಲಗಳನ್ನು ಮರಳಿ ಹೀರುವ ಜಾಗ ಇಲಿಯಂನ ಕೊನೆ. ಅದು ಹೋದ ಮೇಲೆ ಆಮ್ಲಗಳು ದೊಡ್ಡ ಕರುಳಿಗೆ ಇಳಿದು ನೀರು ಬಿಡಿಸುತ್ತವೆ. ಇದಕ್ಕೆ ಪಥ್ಯಕ್ಕಿಂತ ಕೊಲೆಸ್ಟಿರಮಿನ್ ಪುಡಿ ಮೇಲು, 4 ಗ್ರಾಂ ಪೊಟ್ಟಣವನ್ನು ಊಟಕ್ಕೆ ಮೊದಲು ನೀರಲ್ಲಿ ಕದಡಿ. ಅದು ಬೇರೆ ಔಷಧಗಳನ್ನೂ ಹಿಡಿದುಕೊಂಡು ಹೋಗುತ್ತದೆ, ಆದ್ದರಿಂದ ಉಳಿದ ಮಾತ್ರೆಗಳನ್ನು ಒಂದು ಗಂಟೆ ಮೊದಲು ಅಥವಾ ನಾಲ್ಕರಿಂದ ಆರು ಗಂಟೆ ನಂತರ ನುಂಗಿ. (ಇಲಿಯಂ ಒಂದು ಮೀಟರಿಗಿಂತ ಹೆಚ್ಚು ಹೋದವರಿಗೆ ಈ ಪುಡಿ ತಿರುಗುಬಾಣ. ಅವರಿಗೆ ಜಿಡ್ಡು ಕಡಿಮೆ ಮಾಡುವುದೇ ದಾರಿ.)

ಕಲ್ಲಿನ ಕಥೆ: ಜೀರ್ಣವಾಗದ ಜಿಡ್ಡು ಕರುಳಿನಲ್ಲಿ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ಕ್ಯಾಲ್ಸಿಯಂ ಜೊತೆ ಕಟ್ಟಿಕೊಂಡು ಹೊರಹೋಗಬೇಕಿದ್ದ ಆಕ್ಸಲೇಟ್ ಒಂಟಿಯಾಗಿ ರಕ್ತಕ್ಕೆ ನುಗ್ಗಿ ಕಿಡ್ನಿಯಲ್ಲಿ ಹರಳಾಗುತ್ತದೆ. ಆದ್ದರಿಂದ ಹಾಲು ಬಿಡುವುದು ತಪ್ಪು. ಪ್ರತಿ ಊಟದ ಜೊತೆಗೇ ಮೊಸರು, ಮಜ್ಜಿಗೆ ಇರಲಿ, ಕ್ಯಾಲ್ಸಿಯಂ ಮಾತ್ರೆಯನ್ನೂ ಊಟದ ನಡುವೆ ನುಂಗಿ. ಪಾಲಕ್, ರಾಜಗಿರಿ ಸೊಪ್ಪು, ಬೀಟ್‌ರೂಟ್, ಬಾದಾಮಿ, ಎಳ್ಳು, ಕಡುಚಹಾ ಕಡಿಮೆ ಮಾಡಿ. ಸೊಪ್ಪು ಬೇಯಿಸಿದ ನೀರು ಚೆಲ್ಲಿದರೆ ಆಕ್ಸಲೇಟ್ ಒಂದಷ್ಟು ಹೋಗುತ್ತದೆ. ನಿಮ್ಮ ಬಿಸಿಲಿಗೆ ದಿನಕ್ಕೆ 2 ಲೀಟರು ಮೂತ್ರ ಹೋಗುವಷ್ಟು ನೀರು ಬೇಕು, ನೀರು ಎಷ್ಟು ಕುಡಿದಿರಿ ಎಂದಲ್ಲ, ಎಷ್ಟು ಹೋಯಿತೆಂದು ಅಳೆಯಿರಿ.

ಕೇಳದೇ ಉಳಿದದ್ದು ಬಿ12. ಅದನ್ನು ಹೀರುವುದೂ ಅಲ್ಲೇ, 20 ಸೆಂ.ಮೀ.ಗಿಂತ ಹೆಚ್ಚು ಹೋದರೆ ಕೊರತೆ ಬರುವ ಸಾಧ್ಯತೆ ಹೆಚ್ಚು. ದೇಹದ ದಾಸ್ತಾನು ಕೆಲವು ವರ್ಷ ಬರುವುದರಿಂದ ತಕ್ಷಣ ಗೊತ್ತಾಗದು, ಪಾದ ಜೋಮು ಹಿಡಿದಾಗ ತಡವಾಗಿರುತ್ತದೆ. ತಿಂಗಳಿಗೊಂದು 1000 ಮೈಕ್ರೋಗ್ರಾಂ ಇಂಜೆಕ್ಷನ್, ಜೀವಮಾನಕ್ಕೆ.

ಕೊಲೈಟಿಸ್ ಹತೋಟ್ಯಾಗೈತಿ, ಕ್ಯಾಲ್ಪ್ರೊಟೆಕ್ಟಿನ್ 40. ಆದ್ರೂ ದಿನಾ ಹೊಟ್ಟಿ ಉಬ್ಬತೈತಿ, ಗ್ಯಾಸು. ಮತ್ತ ಸ್ಟಿರಾಯ್ಡ್ ಬೇಕೇನ್ರಿ?
— ಓದುಗರು, ಬಾಗಲಕೋಟೆ

ಬೇಡ. 40 ಎಂದರೆ ಕರುಳು ಮಾಯ್ದಿದೆ, ಇದು ಅದರ ಸೂಕ್ಷ್ಮತನ. ನಾಲ್ಕರಿಂದ ಆರು ವಾರ ಉಳ್ಳಾಗಡ್ಡಿ, ಬಳ್ಳೊಳ್ಳಿ, ಗೋಧಿ, ಇಡೀ ಕಾಳು, ಬರೀ ಹಾಲು, ಮಾವಿನಹಣ್ಣು ಬಿಟ್ಟು ನೋಡಿ. ಇವುಗಳ ಸಕ್ಕರೆಗಳು ಹೀರದೆ ದೊಡ್ಡ ಕರುಳಿನಲ್ಲಿ ಹುಳಿಯುತ್ತವೆ. ನಿಮ್ಮ ಭಾಗದವರಿಗೆ ಇದು ಸುಲಭ, ಚಪಾತಿಯ ಬದಲು ಜೋಳದ ರೊಟ್ಟಿ ಇದ್ದೇ ಇದೆ. ಬಳ್ಳೊಳ್ಳಿ ಎಸಳನ್ನು ಎಣ್ಣೆಯಲ್ಲಿ ಹುರಿದು ಎತ್ತಿ ಬಿಸಾಡಿ ಆ ಎಣ್ಣೆಯಲ್ಲಿ ಒಗ್ಗರಣೆ ಹಾಕಿ. ತೊಂದರೆ ಕೊಡುವ ಫ್ರುಕ್ಟಾನ್ ಎಂಬ ಸಕ್ಕರೆ ನೀರಿಗೆ ಇಳಿಯುತ್ತದೆ, ಎಣ್ಣೆಗಲ್ಲ. ಉಳ್ಳಾಗಡ್ಡಿ ತಪ್ಪಲಿನ ಹಸಿರು ಭಾಗ ಒಗ್ಗುತ್ತದೆ, ಬಿಳಿ ಗಡ್ಡಿ ಇಲ್ಲ. ಆರು ವಾರದ ಮೇಲೆ ಮೂರು ಮೂರು ದಿನಕ್ಕೆ ಒಂದೊಂದನ್ನೇ ಮರಳಿಸಿ, ಯಾವುದು ಕಾಡುತ್ತದೋ ಅದೊಂದನ್ನೇ ಮಿತಿಯಲ್ಲಿಡಿ. ಈ ಪಥ್ಯ ಉರಿಯೂತಕ್ಕಲ್ಲ, ಉಬ್ಬರಕ್ಕೆ. ಕಾಯಂ ಹಿಡಿದರೆ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳೇ ಸೊರಗುತ್ತವೆ.

ಕ್ರೋನ್ಸ್‌ಗೆ ‘ಸಿಡಿಇಡಿ’ ಎಂಬ ಪಥ್ಯ ಒಳ್ಳೆಯದಂತೆ. ನಾವು ಶುದ್ಧ ಸಸ್ಯಾಹಾರಿಗಳು, ಮಾಡಬಹುದೇ?
— ಓದುಗರು, ಬೆಂಗಳೂರು

ಇಸ್ರೇಲಿನ ಮಕ್ಕಳ ವೈದ್ಯ ಆರಿ ಲೆವಿನ್ ರೂಪಿಸಿದ ಪಥ್ಯವದು. ಮೊದಲ ಆರು ವಾರ ಅರ್ಧ ಕ್ಯಾಲೊರಿ ಡಬ್ಬದ ದ್ರವಾಹಾರದಿಂದ, ಉಳಿದರ್ಧ ಗೊತ್ತುಮಾಡಿದ ಊಟದಿಂದ: ಕೋಳಿಯ ಎದೆಮಾಂಸ, ಎರಡು ಮೊಟ್ಟೆ, ಎರಡು ಬಾಳೆಹಣ್ಣು, ಒಂದು ಸೇಬು, ಬೇಯಿಸಿ ಆರಿಸಿದ ಎರಡು ಆಲೂಗಡ್ಡೆ ದಿನವೂ ಕಡ್ಡಾಯ. ಗೋಧಿ, ಹಾಲು, ಪ್ಯಾಕೆಟ್ ತಿಂಡಿ ಇಲ್ಲ. ಮುಂದಿನ ಆರು ವಾರ ದ್ರವ ಕಾಲು ಭಾಗಕ್ಕೆ ಇಳಿಯುತ್ತದೆ. 2019ರಲ್ಲಿ ಪ್ರಕಟವಾದ ಮಕ್ಕಳ ಅಧ್ಯಯನದಲ್ಲಿ ಪೂರ್ಣ ದ್ರವಾಹಾರಕ್ಕಿಂತ ಇದನ್ನು ಮಕ್ಕಳು ಚೆನ್ನಾಗಿ ಪಾಲಿಸಿದರು, 12ನೇ ವಾರದಲ್ಲಿ ಹತೋಟಿಯಲ್ಲಿ ಉಳಿದವರೂ ಹೆಚ್ಚು.

ಸಸ್ಯಾಹಾರದಲ್ಲಿ ಈ ಪಥ್ಯದ ಪ್ರೋಟೀನಿನ ದಾರಿಯೇ ಕಡಿದು ಹೋಗುತ್ತದೆ. ಕೋಳಿ ಮೊಟ್ಟೆ ಇಲ್ಲ, ಹಾಲೂ ಇಲ್ಲ ಎಂದರೆ ಉಳಿಯುವುದೇನು? ಮೊಟ್ಟೆಯನ್ನು ಔಷಧವೆಂದು ಒಪ್ಪುವ ಮನೆಯಾದರೆ ದಾರಿಯಿದೆ. ಇಲ್ಲದಿದ್ದರೆ ದ್ರವಾಹಾರದ ಪಾಲು ಹೆಚ್ಚಿಸಿ ಪಥ್ಯಾಹಾರ ತಜ್ಞರೇ ಬರೆದುಕೊಡಬೇಕು, ಮೊಬೈಲಿನ ಪಟ್ಟಿ ನೋಡಿ ಮಾಡುವಂಥದ್ದಲ್ಲ. ಮೇಲಾಗಿ ಕಟ್ಟುನಿಟ್ಟು ಹೆಚ್ಚಿದಷ್ಟೂ ಫಲ ಹೆಚ್ಚೆಂದೇನಿಲ್ಲ. ಅಮೆರಿಕದಲ್ಲಿ ಧಾನ್ಯವನ್ನೆಲ್ಲ ಬಿಡಿಸುವ ‘ಎಸ್‌ಸಿಡಿ’ ಪಥ್ಯವನ್ನು ಸಾಮಾನ್ಯ ಮೆಡಿಟರೇನಿಯನ್ ಊಟದ ಎದುರು ನಿಲ್ಲಿಸಿ ನೋಡಿದಾಗ (2021) ಆರು ವಾರದ ಫಲ ಹೆಚ್ಚುಕಡಿಮೆ ಒಂದೇ.

ಸಿಡಿಇಡಿಯಿಂದ ಎಲ್ಲರೂ ತೆಗೆದುಕೊಳ್ಳಬಹುದಾದ ಒಂದಂಶ ಪ್ಯಾಕೆಟ್ಟಿನ ಹಿಂಬದಿ ಓದುವುದು. ಐಸ್‌ಕ್ರೀಮು, ಫ್ಲೇವರ್ಡ್ ಹಾಲು, ಸಾಸ್, ಕ್ರೀಮ್ ಬಿಸ್ಕತ್ತುಗಳ ಮೇಲೆ ಸೇರ್ಪಡೆ ಪದಾರ್ಥಗಳ ಸಂಖ್ಯೆಯಾದ ಐಎನ್‌ಎಸ್ 407 (ಕ್ಯಾರಗೀನನ್), 433 (ಪಾಲಿಸಾರ್ಬೇಟ್ 80), 466 (ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್) ಕಂಡರೆ ಅಲ್ಲಿಗೇ ಬಿಡಿ. ಇವು ಕರುಳಿನ ಲೋಳೆಪದರವನ್ನು ತೆಳುವಾಗಿಸುವುದು ಇಲಿಗಳಲ್ಲಿ ಕಂಡಿದೆ. ಮನುಷ್ಯರ ಪುರಾವೆ ಇನ್ನೂ ತೆಳು, ಆದರೆ ಇವನ್ನು ಬಿಟ್ಟು ಕಳೆದುಕೊಳ್ಳುವುದೇನೂ ಇಲ್ಲ.

ಚುಟುಕು ಉತ್ತರಗಳು

ಫಿಲ್ಟರ್ ಕಾಫಿ? ಹುಣ್ಣು ಮಾಡದು, ಕರುಳನ್ನು ಕದಲಿಸುತ್ತದೆ. ಜೋರಿದ್ದಾಗ ತಿಂಡಿಯ ನಂತರ ಅರ್ಧ ಲೋಟ, ಹತೋಟಿಯಲ್ಲಿದ್ದಾಗ ನಿಮ್ಮಿಷ್ಟ.

ಖಾರ? ಹೋಗುವಾಗ ಉರಿಯುತ್ತದೆ, ಕಾಯಿಲೆ ಹೆಚ್ಚಿಸಿದ್ದಕ್ಕೆ ಆಧಾರವಿಲ್ಲ.

ಸ್ಟಿರಾಯ್ಡ್ ತೆಗೆದುಕೊಳ್ಳುವಾಗ ಹಾಲು ಬಿಡಬೇಕೆ? ಬಿಟ್ಟರೆ ಮೂಳೆ ಹೋಗುತ್ತದೆ. ಕ್ಯಾಲ್ಸಿಯಂ ದಿನಕ್ಕೆ 1000 ಮಿ.ಗ್ರಾಂ ಬೇಕು. 250 ಮಿ.ಲೀ. ಹಾಲಿನಲ್ಲಿ ಸುಮಾರು 300, 50 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 180. ಹಾಲು ಉಬ್ಬಿಸಿದರೆ ಮೊಸರು. ವಿಟಮಿನ್ ಡಿ ಪರೀಕ್ಷಿಸಿ. ಉಪ್ಪಿನಕಾಯಿ, ಹಪ್ಪಳ, ಸಿಹಿ ತಗ್ಗಿಸಿ.

ಏಕಾದಶಿ? ಹತೋಟಿಯಲ್ಲಿದ್ದರೆ ಮಾತ್ರೆ ತಪ್ಪಿಸದೆ ಹಣ್ಣು ಹಾಲಿನೊಂದಿಗೆ ಆಗಲಿ, ನೀರು ಬಿಡಬೇಡಿ. ಜೋರಿರುವಾಗ ಬೇಡ.

ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಥಿಯೋಪ್ರಿನ್, ಬಯಾಲಜಿಕ್ ಇಂಜೆಕ್ಷನ್ ತೆಗೆದುಕೊಳ್ಳುವವರು ಮೊಳಕೆ ಕಾಳು ತಿನ್ನಬಹುದೆ? ಬೇಯಿಸಿ ತಿನ್ನಿ. ಹಸಿ ಮೊಳಕೆ, ಕಾಯಿಸದ ಹಾಲು, ಅರೆಬೆಂದ ಮೊಟ್ಟೆ, ಬೀದಿಬದಿಯ ಪಾನಿಪುರಿಯ ನೀರು ಬೇಡ.

ಸಲ್ಫಾಸಲಜಿನ್ ಜೊತೆಗೆ? ದಿನಕ್ಕೆ 1 ಮಿ.ಗ್ರಾಂ ಫೋಲಿಕ್ ಆಮ್ಲ. ಮೆಥೊಟ್ರೆಕ್ಸೇಟ್ ಆದರೆ ಫೋಲಿಕ್ ಆಮ್ಲ ವಾರಕ್ಕೊಮ್ಮೆ 5 ಮಿ.ಗ್ರಾಂ, ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವ ದಿನ ಅಲ್ಲ, ಬೇರೆ ದಿನ.

ಕೀಲುನೋವಿಗೆ ಮಾತ್ರೆ? ಡೈಕ್ಲೋಫೆನಾಕ್, ಐಬುಪ್ರೊಫೆನ್ ಕಾಯಿಲೆಯನ್ನು ಕೆರಳಿಸಬಲ್ಲವು. ಪ್ಯಾರಾಸಿಟಮಾಲ್ ಆದೀತು. ಔಷಧಿ ಅಂಗಡಿಯವರು ಕೊಡುವ ಮೊದಲೇ ‘ನನಗೆ ಕೊಲೈಟಿಸ್ ಇದೆ’ ಎಂದು ಹೇಳಿಬಿಡಿ.